ಸೊರಬದ ದಾರಿಯಲ್ಲಿ ಒಂದು ಬ್ರೇಕು

ನಮ್ಮ ಶಿಕಾರಿಪುರದಲ್ಲಿ ಹೊಸ ಬೈಕು ಕೊಂಡವರು ಅನೇಕರು ಸೀದಾ ಹೋಗುವುದು ಹುಚ್ಚುರಾಯಸ್ವಾಮಿಯ ಗುಡಿಗೆ. ಶೋರೂಮಿನವರು ಹಾಕಿಕೊಟ್ಟ ಚಮಚದಷ್ಟು ಪೆಟ್ರೋಲಿನಲ್ಲೇ ಗುಡಿ ಮುಟ್ಟಿ, ಹ್ಯಾಂಡಲ್ಲಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಅದನ್ನು ಜಜ್ಜಿಕೊಂಡು ಮುಂದೆ ಹೋದರೆ ಅಲ್ಲಿಗೆ ಗಾಡಿ ಮನೆಯವರಲ್ಲಿ ಒಬ್ಬನಾದಂತೆ. ಹದಿನಾಲ್ಕು ವರ್ಷದ ಹಿಂದೆ ನಾನೂ ಹಾಗೆಯೇ ಮಾಡಿದ್ದೆ. ನೂರು ಸಿಸಿಯ ಕಪ್ಪು ಬೈಕು; ಯಾವ ಬೀದಿಗೆ ಹೋದರೂ ಅಂಥವು ಹತ್ತು ನಿಂತಿರುತ್ತವೆ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಅದೂ ನನ್ನಂತೆಯೇ ಸಂತೆ, ಪೋಸ್ಟಾಫೀಸು, ಲೈಬ್ರರಿ ಎಂದು ಊರೊಳಗೇ ಸುತ್ತುತ್ತಿತ್ತು.

ಹೋದ ದಸರಾ ರಜೆಯಲ್ಲಿ ಆರನೇ ಕ್ಲಾಸಿನ ಮೊಮ್ಮಗಳು ಬಂದಿದ್ದಳು. ಸೊರಬದಲ್ಲಿ ನನ್ನ ತಂಗಿಯ ಮನೆಯಿದೆ. ಅಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ಗುಡವಿ ಪಕ್ಷಿಧಾಮ ನೋಡಿಕೊಂಡು ಬರೋಣ ಎಂದು ಮಾತಾಯಿತು. ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ದಾರಿಯಲ್ಲಿ ತಾಳಗುಂದ, ಬಳ್ಳಿಗಾವಿ ಎರಡನ್ನೂ ತೋರಿಸಬೇಕೆಂಬ ಆಸೆ ನನಗೆ. ಬಸ್ಸು ನಮಗಾಗಿ ಅಲ್ಲೆಲ್ಲ ನಿಂತುಕೊಂಡಿರುತ್ತದೆಯೇ?

ಬೆಂಗಳೂರಿನಿಂದ ಮಗಳು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದಳು: “ಅಪ್ಪಾ, ಬೈಕು ಸರ್ವಿಸ್ ಆಗಿದೆಯಾ?”

“ಆಗಿದೆ ಕಣಮ್ಮ” ಎಂದೆ.

ಆಗಿದ್ದುದು ವಾಟರ್ ಸರ್ವಿಸ್ ಮಾತ್ರ. ಎರಡು ದಿನದ ಹಿಂದೆ ನೀರು ಹೊಡೆಸಿ, ನೊರೆ ಹಾಕಿಸಿ, ಟ್ಯಾಂಕು ಮುಖ ಕಾಣುವ ಹಾಗೆ ಒರೆಸಿಕೊಂಡು ಬಂದಿದ್ದೆ. ನಿಜವಾದ ಸರ್ವಿಸ್ ಆಗಿ ಹನ್ನೊಂದು ತಿಂಗಳಾಗಿತ್ತು. ‘ಓಡಿಸುವುದೇ ಊರೊಳಗೆ, ಅದಕ್ಕೇನು ಅವಸರ’ ಎಂದು ಮುಂದಕ್ಕೆ ಹಾಕುತ್ತ ಬಂದಿದ್ದೆ.

ಬೆಳಿಗ್ಗೆ ಎಂಟಕ್ಕೆ ಹೊರಟೆವು. ಇಬ್ಬರಿಗೂ ಹೆಲ್ಮೆಟ್ಟು, ಅವಳ ಬೆನ್ನಿಗೆ ಒಂದು ಚೀಲ, ಚೀಲದ ಪಕ್ಕದಲ್ಲಿ ನೀರಿನ ಬಾಟಲಿ. ಹುಚ್ಚುರಾಯನ ಕೆರೆಯ ಮೇಲೆ ಇನ್ನೂ ತೆಳ್ಳಗೆ ಮಂಜಿತ್ತು. ಶಿರಾಳಕೊಪ್ಪದ ಕಡೆಗೆ ಹೋಗುವ ರಸ್ತೆಯ ಎರಡೂ ಬದಿ ಮೆಕ್ಕೆಜೋಳ, ಅದು ಮುಗಿದಲ್ಲಿ ಭತ್ತ, ನಡುನಡುವೆ ಅಡಿಕೆ ತೋಟ. ಕೊಯ್ಲಿನ ಕಾಲವಾದ್ದರಿಂದ ಜೋಳ ಒಣಗುತ್ತಿದ್ದುದು ರಸ್ತೆಯ ಮೇಲೆಯೇ. ಅರ್ಧ ರಸ್ತೆ ಹಳದಿ ಕಂಬಳಿ ಹಾಸಿದಂತೆ, ಅದರ ಅಂಚಿಗೆ ಸಾಲಾಗಿ ಕಲ್ಲು. ರೈತರಿಗೆ ಬೇರೆ ಕಣವಿಲ್ಲ ನಿಜ. ಆದರೆ ಜೋಳದ ಕಾಳಿನ ಮೇಲೆ ಹತ್ತಿದ ಚಕ್ರ, ಸಾಸಿವೆ ಚೆಲ್ಲಿದ ನೆಲದ ಮೇಲೆ ಕಾಲಿಟ್ಟ ಹಾಗೆ. ಅದಕ್ಕೇ ನಿಧಾನ ಹೋಗುತ್ತಿದ್ದೆ.

ನಾನು ಹುಡುಗನಾಗಿದ್ದಾಗ ಇದೇ ಕಡೆ ಎತ್ತಿನ ಗಾಡಿಗಳ ಸಾಲು. ಗಾಡಿಯ ಹಿಂದೆ ಅಚ್ಚಿನ ಬಳಿ ಒಂದು ಬಿದಿರಿನ ಗೊಟ್ಟ ನೇತಾಡುತ್ತಿತ್ತು. ಅದರಲ್ಲಿ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡುತ್ತಿದ್ದ ಕಪ್ಪು ಅಂಟು. ದೂರದ ಊರಿಗೆ ಹೊರಡುವ ಮುಂಚೆ ಅಪ್ಪ ಗಾಡಿ ಒರಗಿಸಿ, ಚಕ್ರವನ್ನು ಒಂದಿಷ್ಟು ಹೊರಕ್ಕೆಳೆದು, ಅಚ್ಚಿಗೆ ಅದನ್ನು ಬಳಿಯುತ್ತಿದ್ದರು. ಬಳಿಯದ ಗಾಡಿ ಕಿರುಗುಟ್ಟುತ್ತ ಹೋಗುವುದು ಮೂರು ಹೊಲದಾಚೆಗೂ ಕೇಳುತ್ತಿತ್ತು. ಅದನ್ನು ಕೇಳಿದ ಮುದುಕರು ಗಾಡಿಯವನಿಗಲ್ಲ, ಅವನ ಅಪ್ಪನಿಗೆ ಬೈಯುತ್ತಿದ್ದರು. ಎತ್ತಿನ ಗೊರಸಿಗೆ ಲಾಳ ಕಟ್ಟಿಸುವುದೂ ಹಾಗೆಯೇ. ಸಂತೆಯ ದಿನ ಎತ್ತಿನ ಕಾಲು ಕಟ್ಟಿ ಮಲಗಿಸಿ, ಸವೆದ ಲಾಳ ಕಿತ್ತು ಹೊಸದು ಬಡಿಯುತ್ತಿದ್ದರು. ಇದನ್ನೆಲ್ಲ ಹಿಂದೆ ಕೂತ ಹುಡುಗಿಗೆ ಕೂಗಿ ಕೂಗಿ ಹೇಳುತ್ತಿದ್ದೆ. ಹೆಲ್ಮೆಟ್ಟಿನೊಳಗೆ ಅವಳಿಗೆ ಎಷ್ಟು ಕೇಳಿಸಿತೋ.

ಶಿರಾಳಕೊಪ್ಪದ ಹತ್ತಿರ ತಾಳಗುಂದಕ್ಕೆ ತಿರುಗಿದೆವು. ಪ್ರಣವೇಶ್ವರ ದೇವಾಲಯದ ಮುಂದಿನ ಕಲ್ಲಿನ ಕಂಬದ ಮೇಲೆ ಕದಂಬರ ಕಥೆಯೇ ಇದೆ. ಸಂಸ್ಕೃತದಲ್ಲಿ, ಕುಬ್ಜ ಎಂಬ ಕವಿ ಬರೆದದ್ದು. ಇದೇ ಊರಿನ ಮಯೂರಶರ್ಮ ಓದಲಿಕ್ಕೆಂದು ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು ಎಂದು ವಿದ್ವಾಂಸರು ಈ ಶಾಸನವನ್ನು ಓದುತ್ತಾರೆ. ಆ ಸಿಟ್ಟಿನಲ್ಲಿ ಅವನು ದರ್ಭೆ ಬಿಟ್ಟು ಕತ್ತಿ ಹಿಡಿದ. ಬನವಾಸಿಯ ಕದಂಬ ರಾಜ್ಯ ಹುಟ್ಟಿತು. ಇಲ್ಲಿಯೇ ಅಗೆದಾಗ 2013ರಲ್ಲಿ ಸಿಂಹದ ಕೆತ್ತನೆಯಿರುವ ಮೆಟ್ಟಿಲಿನ ಕಟಾಂಜನದ ಮೇಲೆ ಇನ್ನೊಂದು ಶಾಸನ ಸಿಕ್ಕಿತು. ಅದು ಸುಮಾರು ಕ್ರಿ.ಶ. 370ರದ್ದೆಂದು ಗುರುತಿಸಿದ್ದಾರೆ. ಹಲ್ಮಿಡಿ ಶಾಸನವೇ ಕನ್ನಡದ ಮೊದಲನೆಯದು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ನನಗೆ ಇದನ್ನು ಓದಿದಾಗ ಸ್ವಲ್ಪ ಕಸಿವಿಸಿ, ಬಹಳ ಸಂತೋಷ.

“ಅಂದ್ರೆ ಟ್ರಾಫಿಕ್ ಜಗಳದಿಂದ ಒಂದು ರಾಜ್ಯ ಶುರುವಾಯ್ತಾ ಅಜ್ಜ?” ಎಂದಳು ಮೊಮ್ಮಗಳು. ಇಷ್ಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಹೀಗೆ ಕೇಳಿರಲಿಲ್ಲ.

ಬಳ್ಳಿಗಾವಿಯಲ್ಲಿ ಕೇದಾರೇಶ್ವರ ನೋಡಿ, ಗಂಡಭೇರುಂಡದ ಕಂಬದ ಹತ್ತಿರ ಬಹಳ ಹೊತ್ತು ನಿಂತೆವು. 1047ರಲ್ಲಿ ನಿಲ್ಲಿಸಿದ ಎತ್ತರದ ಕಂಬ. ಅದರ ಶಿಲ್ಪಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ನಮ್ಮ ರಾಜ್ಯದ ಲಾಂಛನದಲ್ಲಿರುವ ಗಂಡಭೇರುಂಡದ ಹಿರಿಯಣ್ಣ ಎನ್ನಬಹುದು. ಅಲ್ಲಮಪ್ರಭುವಿನ ಊರು ಇದು, ಅಕ್ಕಮಹಾದೇವಿಯ ಉಡುತಡಿಯೂ ಇದೇ ಸೀಮೆಯದು ಎಂದು ಹೇಳುತ್ತಿದ್ದಂತೆ ಅವಳು ಬುತ್ತಿ ಬಿಚ್ಚಿದಳು. ಅವಲಕ್ಕಿ ತಿಂದು ಸೊರಬದ ದಾರಿ ಹಿಡಿದೆವು.

ಶಿರಾಳಕೊಪ್ಪ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತ ಹೋಗುತ್ತದೆ. ಬಯಲು ಮುಗಿದು ಮರಗಳು ಒತ್ತೊತ್ತಾಗಿ, ಗಾಳಿಯಲ್ಲಿ ತಣ್ಣಗಿನ ಮಣ್ಣಿನ ವಾಸನೆ. ಒಂದು ಇಳಿಜಾರಿನ ತಿರುವು. ಎಡಕ್ಕೆ ಮತ್ತೆ ಜೋಳದ ಹಾಸು. ಬಲಗಡೆ ಬೇಲಿಯಿಂದ ಒಂದು ಕರು ಬಾಲ ಎತ್ತಿಕೊಂಡು ರಸ್ತೆಗೆ ನೆಗೆಯಿತು.

ಹಿಂದಿನ ಬ್ರೇಕು ತುಳಿದೆ. ಪೆಡಲ್ಲು ಪಾದದ ಕೆಳಗೆ ಇಳಿಯುತ್ತಲೇ ಹೋಯಿತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಬಂತೇ ಹೊರತು ಗಾಡಿ ನಿಲ್ಲಲಿಲ್ಲ. ಮುಂದಿನ ಬ್ರೇಕು ಗಟ್ಟಿಯಾಗಿ ಹಿಡಿದರೆ ಜೋಳದ ಮೇಲೆ ಜಾರಿ ಇಬ್ಬರೂ ಬೀಳುತ್ತೇವೆ. ಗೇರ್ ಇಳಿಸಿ, ಮುಂದಿನದನ್ನು ಸ್ವಲ್ಪ ಸ್ವಲ್ಪ ಹಿಡಿದು, ಕರುವಿನ ಹಿಂದಿನಿಂದ ರಸ್ತೆ ಬಿಟ್ಟು ಮಣ್ಣಿಗೆ ಇಳಿಸಿದೆ. ಅಲ್ಲಿ ಮೆತ್ತಗಿನ ಕೆಸರಿತ್ತು, ಪುಣ್ಯ. ಗಾಡಿ ನಿಂತಾಗ ಮೈಲಿಗಲ್ಲಿಗೂ ಮುಂದಿನ ಚಕ್ರಕ್ಕೂ ಒಂದು ಗೇಣು.

ಯಾರೂ ಬೀಳಲಿಲ್ಲ. ನೀರಿನ ಬಾಟಲಿ ಹಾರಿ ಹೋಗಿತ್ತು, ಅಷ್ಟೇ. ಕರು ಆಚೆ ಬದಿಯಲ್ಲಿ ನಿಂತು ನಮ್ಮನ್ನೇ ನೋಡುತ್ತಿತ್ತು. ನನ್ನ ಸೊಂಟವನ್ನು ಹಿಡಿದಿದ್ದ ಎರಡು ಪುಟ್ಟ ಕೈಗಳು ಬಿಡಲೇ ಇಲ್ಲ. ನಾನೇ ಒಂದೊಂದು ಬೆರಳಾಗಿ ಬಿಡಿಸಬೇಕಾಯಿತು.

ಮತ್ತೆ ಹತ್ತಿಸಿಕೊಂಡು ಹೋಗುವ ಧೈರ್ಯ ನನಗಿರಲಿಲ್ಲ. ತಳ್ಳಿಕೊಂಡು ಹೊರಟೆ, ಅವಳು ಹಿಂದೆ ಬಂದಳು. ಸ್ವಲ್ಪ ದೂರದಲ್ಲಿ ಸೊರಬಕ್ಕೆ ಖಾಲಿ ಹೋಗುತ್ತಿದ್ದ ಲಗೇಜ್ ಆಟೋದವರು ನಿಲ್ಲಿಸಿದರು. ಬೈಕನ್ನು ಎತ್ತಿ ಹಗ್ಗ ಕಟ್ಟಿ, ನಮ್ಮನ್ನು ಮುಂದೆ ಕೂರಿಸಿಕೊಂಡರು. ದಾರಿಯುದ್ದಕ್ಕೂ ಮೊಮ್ಮಗಳು ಮಾತಾಡಲಿಲ್ಲ. ಸೊರಬದ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು:

“ಅಜ್ಜ, ಇದನ್ನ ಅಮ್ಮಂಗೆ ಹೇಳ್ಬೇಕಾ?”

ನಾನು ಉತ್ತರ ಕೊಡಲಿಲ್ಲ.

ಗ್ಯಾರೇಜಿನಲ್ಲಿ ಆಯುಧಪೂಜೆಯ ಮುಂಚಿನ ಜಾತ್ರೆ. ಹತ್ತಿಪ್ಪತ್ತು ಬೈಕು ಸಾಲಾಗಿ ನಿಂತಿದ್ದವು. ಪೂಜೆಯ ದಿನ ಹೊಳೆಯಬೇಕೆಂದು ಎಲ್ಲರಿಗೂ ಆ ವಾರವೇ ನೆನಪಾಗುತ್ತದೆ. ಮೆಕ್ಯಾನಿಕ್ ಐವತ್ತು ದಾಟಿದವರು. ನಮ್ಮಿಬ್ಬರ ಮುಖ ನೋಡಿ, ಉಳಿದ ಕೆಲಸ ಬಿಟ್ಟು ನಮ್ಮ ಗಾಡಿಯ ಹಿಂದೆ ಕೂತರು. ಚಕ್ರ ಬಿಚ್ಚುವ ಮೊದಲು ಬ್ರೇಕ್ ರಾಡಿನ ತುದಿ ತೋರಿಸಿದರು.

“ಮೇಷ್ಟ್ರೇ, ಈ ನಟ್ಟು ನೀವೇ ತಿರುಗಿಸ್ತಾ ಇದ್ರಾ?”

ಹೌದು. ಪೆಡಲ್ಲು ಸಡಿಲವಾದಾಗಲೆಲ್ಲ ಆ ನಟ್ಟನ್ನು ಎರಡು ಸುತ್ತು ಬಿಗಿ ಮಾಡುತ್ತಿದ್ದೆ. ಬ್ರೇಕು ಸರಿಯಾಯಿತು ಎಂದುಕೊಳ್ಳುತ್ತಿದ್ದೆ.

“ಇನ್ನು ತಿರುಗಿಸೋಕೆ ಥ್ರೆಡ್ಡೇ ಉಳಿದಿಲ್ಲ ನೋಡಿ” ಎಂದರು. ಆಮೇಲೆ ಮೊಮ್ಮಗಳನ್ನು ಹತ್ತಿರ ಕರೆದು, ಡ್ರಮ್ಮಿನ ಮುಚ್ಚಳದ ಮೇಲಿದ್ದ ಒಂದು ಸಣ್ಣ ಬಾಣದ ಗುರುತು ತೋರಿಸಿದರು. ಪೆಡಲ್ಲು ಒತ್ತಿದಾಗ ಲಿವರಿನ ಜೊತೆಗೆ ಬಾಣವೂ ತಿರುಗುತ್ತದೆ. ಎದುರಿಗೆ ಒಂದು ಗೆರೆಯಿದೆ. ಬಾಣ ಗೆರೆ ಮುಟ್ಟಿತೆಂದರೆ ಒಳಗಿನ ಶೂ ಸವೆದಿದೆ, ಬದಲಿಸಬೇಕು ಎಂದರ್ಥ. ನಮ್ಮ ಬಾಣ ಗೆರೆಯನ್ನು ದಾಟಿ ಎಷ್ಟೋ ದಿನವಾಗಿತ್ತು. ಹದಿನಾಲ್ಕು ವರ್ಷದಿಂದ ಆ ಬಾಣ ಅಲ್ಲಿಯೇ ಇದ್ದು ನನಗೆ ಕಂಡಿರಲಿಲ್ಲ.

ಚಕ್ರ ಬಿಚ್ಚಿದರು. ಅರ್ಧಚಂದ್ರದಂಥ ಎರಡು ಶೂಗಳು. ಹೊಸದರ ಬೆನ್ನಿಗೆ ದಪ್ಪ ಲೈನರ್ ಅಂಟಿಕೊಂಡಿರುತ್ತದೆ. ಪೆಡಲ್ಲು ಒತ್ತಿದಾಗ ಎರಡೂ ಅಗಲವಾಗಿ, ಆ ಲೈನರ್ ಡ್ರಮ್ಮಿನ ಒಳಗೋಡೆಯನ್ನು ಉಜ್ಜಿ ಚಕ್ರ ನಿಲ್ಲಿಸುತ್ತದೆ. ನಮ್ಮದರಲ್ಲಿ ಒಂದು ಕಡೆ ಲೈನರ್ ಪೂರ್ತಿ ಹೋಗಿ ಲೋಹ ಕಾಣುತ್ತಿತ್ತು. ಡ್ರಮ್ಮಿನ ತುಂಬ ಕಪ್ಪು ಪುಡಿ. ಮೊಮ್ಮಗಳು ಬಾಯಿಂದ ಊದಲು ಬಗ್ಗಿದಾಗ ಅವರು ತಡೆದರು: “ಬೇಡ ಪುಟ್ಟಿ, ಆ ಧೂಳು ಒಳಗೆ ಹೋಗಬಾರದು.” ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದರು. ಡ್ರಮ್ಮಿಗೆ ಉಪ್ಪುಕಾಗದ ಹಿಡಿದು, ಹೊಸ ಶೂ, ಹೊಸ ಸ್ಪ್ರಿಂಗು ಹಾಕಿದರು. ಕೂಲಿ ಸೇರಿ ಮುನ್ನೂರೈವತ್ತು ರೂಪಾಯಿ. ಅದಕ್ಕಿಂತ ಹೆಚ್ಚು ದುಡ್ಡನ್ನು ನಾನು ವಾಟರ್ ಸರ್ವಿಸ್ಸು, ಪಾಲಿಷ್ ಎಂದು ಆ ವರ್ಷ ಕೊಟ್ಟಿದ್ದೆ.

ಎಂಜಿನ್ ಆಯಿಲ್ಲನ್ನೂ ಇಳಿಸಿದರು. ಜೇನಿನ ಬಣ್ಣದ್ದು ಡಾಂಬರಾಗಿತ್ತು. ಅಳೆದರೆ ಪ್ರಮಾಣವೂ ಕಡಿಮೆ. ಒಂದು ಲೀಟರಿಗೂ ತುಸು ಕಡಿಮೆ ಎಣ್ಣೆಯೇ ಇಂಥ ಎಂಜಿನ್ನಿನ ರಕ್ತ. ನನ್ನ ಬೈಕಿನ ಪುಸ್ತಕದಲ್ಲಿ ಮೂರು ಸಾವಿರ ಕಿಲೋಮೀಟರಿಗೊಮ್ಮೆ ಸರ್ವಿಸ್ ಎಂದಿದೆ. ಅಷ್ಟು ಓಡದಿದ್ದರೂ ತಿಂಗಳ ಲೆಕ್ಕ ಒಂದಿದೆ ಎಂಬುದನ್ನು ನಾನು ಓದಿದ್ದು ಮನೆಗೆ ಬಂದ ಮೇಲೆ. ನಿಂತ ಗಾಡಿಯ ಎಣ್ಣೆಯೂ ಹಳತಾಗುತ್ತದೆ. ಸ್ವಲ್ಪ ದೂರ ಹೋಗಿ ನಿಲ್ಲಿಸುವ ನನ್ನಂಥವರ ಗಾಡಿಯಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಒಳಗೆ ಕಟ್ಟಿದ ನೀರಿನ ಪಸೆ ಆರದೆ ಎಣ್ಣೆಯಲ್ಲೇ ಸೇರುತ್ತದೆ.

ಕೆಲಸ ನಡೆಯುತ್ತಿದ್ದಾಗ ಮೆಕ್ಯಾನಿಕ್ ತಾವು ಕಲಿತದ್ದು ಜಾವಾ, ಯೆಜ್ಡಿಗಳ ಮೇಲೆ ಎಂದರು. ನನ್ನ ಕಿವಿ ನೆಟ್ಟಗಾಯಿತು. ಅಜ್ಜಂದಿರು ಇದನ್ನು ಓದುತ್ತಿದ್ದರೆ ಅವರಿಗೂ ಆ ಸದ್ದು ಈಗ ಕೇಳಿಸುತ್ತಿರಬೇಕು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಆ ಬೈಕುಗಳು ತಯಾರಾದವು. ಜೆಕೊಸ್ಲೊವಾಕಿಯಾದ ಜಾವಾ, ನಮ್ಮ ಮೈಸೂರಿನ ಕೈಯಲ್ಲಿ ಹುಟ್ಟಿ, 1973ರಿಂದ ಯೆಜ್ಡಿ ಎಂಬ ಹೆಸರು ಪಡೆಯಿತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ನಾನು ಕಲಿತ ಹೈಸ್ಕೂಲಿನ ಹೆಡ್‌ಮಾಸ್ತರರ ಹತ್ತಿರ ಒಂದು ಜಾವಾ ಇತ್ತು. ಅದರ ಕಿಕ್ಕರ್ರೇ ಗೇರು: ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ಮಡಿಸಿದರೆ ಗೇರ್ ಹಾಕುವ ಲಿವರ್. ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು, ಲೀಟರಿಗೆ ಸುಮಾರು 40 ಮಿಲಿಲೀಟರಿನಂತೆ. ಕಡಿಮೆ ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟಿ ಗಾಡಿ ಕೆಮ್ಮುತ್ತದೆ. ಹಾಗಾಗಿ ಆಗಿನ ಸವಾರನ ಜೇಬಿನಲ್ಲಿ ಒಂದು ಪ್ಲಗ್ ಪಾನಾ, ಒಂದು ಹಳೆಯ ಪ್ಲಗ್ಗು, ಒಂದು ಉಪ್ಪುಕಾಗದದ ಚೂರು ಇರುತ್ತಿತ್ತು. ಗಾಡಿ ದಿನಾ ಏನಾದರೂ ಕೇಳುತ್ತಿತ್ತು, ಸವಾರ ದಿನಾ ಅದನ್ನು ನೋಡುತ್ತಿದ್ದ. ಆಮೇಲೆ ಎಂಬತ್ತರ ದಶಕದಲ್ಲಿ ಬಂದ ನೂರು ಸಿಸಿಯ ಫೋರ್ ಸ್ಟ್ರೋಕ್ ಬೈಕುಗಳು ಏನೂ ಕೇಳದೆ ಓಡಿದವು. ನಮಗೆ ನೋಡುವ ಅಭ್ಯಾಸವೇ ತಪ್ಪಿಹೋಯಿತೇನೋ.

“ಎಲ್ಲಾ ಮನೇಲೇ ಮಾಡಬಹುದಾ ಅಂಕಲ್?” ಎಂದು ಮೊಮ್ಮಗಳು ಕೇಳಿದಳು. ಆ ಹೊತ್ತಿಗೆ ಅವಳ ಕೈಯೂ ಕಪ್ಪಾಗಿತ್ತು.

ಅವರು ಹೇಳಿದ್ದು ನನಗೆ ಸರಿಯೆನಿಸಿತು. ಚೈನು ಸೀಮೆಎಣ್ಣೆಯಲ್ಲೋ ಅದಕ್ಕೆಂದೇ ಸಿಗುವ ದ್ರವದಲ್ಲೋ ಒರೆಸಿ ಎಣ್ಣೆ ಬಿಡುವುದು, ಗಾಳಿ ನೋಡುವುದು, ಕೇಬಲ್ಲಿನ ಎಳೆ ಬಿಟ್ಟಿದೆಯೇ ಎಂದು ನೋಡುವುದು, ಎಣ್ಣೆಯ ಕಡ್ಡಿ ತೆಗೆದು ಅಳತೆ ನೋಡುವುದು, ಆ ಬಾಣ ನೋಡುವುದು ಇವೆಲ್ಲ ಮನೆಯ ಅಂಗಳದ ಕೆಲಸ. ಚೈನು ಒರೆಸುವಾಗ ಎಂಜಿನ್ ಓಡುತ್ತಿರಕೂಡದು. ನ್ಯೂಟ್ರಲ್ಲಿನಲ್ಲಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು. ಚಾಲೂ ಇಟ್ಟು ಒರೆಸಲು ಹೋಗಿ ಬೆರಳು ಕಳೆದುಕೊಂಡವರನ್ನು ಅವರು ಕಂಡಿದ್ದಾರಂತೆ. ಹಿಂದೆ ಯಾರಾದರೂ ಕೂರುವುದಾದರೆ ಹಿಂದಿನ ಚಕ್ರಕ್ಕೆ ಗಾಳಿ ಹೆಚ್ಚು ಬೇಕು. ಅದರ ಅಂಕಿ ಬೈಕಿನ ಮೇಲೇ ಅಂಟಿಸಿರುತ್ತದೆ ಅಥವಾ ಪುಸ್ತಕದಲ್ಲಿರುತ್ತದೆ.

ಹೊಸ ಗಾಡಿಯ ಫ್ರೀ ಸರ್ವಿಸ್‌ಗಳನ್ನು ಮಾತ್ರ ಶೋರೂಮಿನಲ್ಲೇ ಮಾಡಿಸಬೇಕು. ಒಂದು ತಪ್ಪಿದರೂ ವಾರಂಟಿಗೆ ತೊಡಕು. ಮೊದಲ ಸರ್ವಿಸ್ಸಂತೂ ಬಹಳ ಮುಖ್ಯ. ಹೊಸ ಎಂಜಿನ್ನಿನ ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಉದುರಿದ ಲೋಹದ ಪುಡಿ ಆ ಮೊದಲ ಎಣ್ಣೆಯಲ್ಲಿ ಇರುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬುರೇಟರ್ ಇಲ್ಲ, ಸೆನ್ಸಾರುಗಳಿವೆ. ಅವನ್ನು ಪರೀಕ್ಷಿಸಲು ಯಂತ್ರ ಬೇಕು, ಪಾನಾ ಸಾಲದು. “ಅಂಥಾವು ನನ್ನ ಹತ್ರ ಬಂದ್ರೆ ನಾನೇ ಶೋರೂಮಿಗೆ ಕಳಿಸ್ತೀನಿ” ಎಂದರು. ಹೀಗೆ ಹೇಳುವ ಮೆಕ್ಯಾನಿಕ್ಕನ್ನು ಬಿಡಬಾರದು.

ಇಳಿಸಿದ ಎಣ್ಣೆಯನ್ನು ಅವರು ಒಂದು ಡಬ್ಬಕ್ಕೆ ಸುರಿದಿಟ್ಟರು. ನಾವೆಲ್ಲ ಮೊದಲು ಅದನ್ನು ಬೇಲಿಯ ಗೂಟಕ್ಕೆ ಬಳಿದೋ ಚರಂಡಿಗೆ ಚೆಲ್ಲಿಯೋ ಮುಗಿಸುತ್ತಿದ್ದೆವು. ಆ ನೀರು ದಂಡಾವತಿಗೇ ತಾನೆ ಹೋಗುವುದು?

ಸಂಜೆ ತಂಗಿಯ ಮನೆಗೆ ಹೋಗುವಾಗ ಗುಡಿಗಾರರೊಬ್ಬರ ಮನೆಯ ಜಗಲಿಯಲ್ಲಿ ನಿಂತೆವು. ಗಂಧದ ಕೆತ್ತನೆಗೆ ಸೊರಬ, ಸಾಗರದ ಗುಡಿಗಾರರು ಹೆಸರಾದವರು. ಹಿರಿಯರೊಬ್ಬರು ಅರ್ಧ ಮುಗಿದ ಗಣಪತಿಯನ್ನು ಪಕ್ಕಕ್ಕಿಟ್ಟು ಉಳಿಗಳನ್ನು ಮಸೆಯುತ್ತಿದ್ದರು. ಸಣ್ಣವು, ದೊಡ್ಡವು, ಕಡ್ಡಿಯಷ್ಟು ತೆಳ್ಳಗಿನವು, ಸಾಲಾಗಿ ಇಟ್ಟಿದ್ದರು. ಕೆತ್ತುವುದನ್ನು ನೋಡಲು ಬಂದ ನಮಗೆ ಅರ್ಧ ಗಂಟೆ ಮಸೆಯುವುದನ್ನೇ ನೋಡಬೇಕಾಯಿತು. ಮೊಮ್ಮಗಳಿಗೆ ಬೇಸರವಾಗಲಿಲ್ಲ.

ರಾತ್ರಿ ಊಟವಾದ ಮೇಲೆ ಮಗಳಿಗೆ ಫೋನ್ ಮಾಡಿದೆ. ಮೊದಲು ತಲುಪಿದ್ದನ್ನು ಹೇಳಿದೆ. ಆಮೇಲೆ ಎಲ್ಲವನ್ನೂ ಹೇಳಿದೆ, ‘ಸರ್ವಿಸ್ ಆಗಿದೆ’ ಎಂದದ್ದು ಸುಳ್ಳು ಎಂಬುದನ್ನೂ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, “ಅವಳಿಗೆ ಕೊಡಿ ಅಪ್ಪ” ಎಂದಳು. ತಾಯಿ ಮಗಳು ಏನು ಮಾತಾಡಿದರೋ, ನಾನು ಜಗಲಿಗೆ ಹೋಗಿಬಿಟ್ಟೆ. ಫೋನು ವಾಪಸು ಕೊಡುವಾಗ ಮೊಮ್ಮಗಳು ಹೇಳಿದಳು: “ನಾಳೆ ಹೋಗಬಹುದಂತೆ. ಆದ್ರೆ ಬಾಣ ನಾನೇ ನೋಡ್ಬೇಕಂತೆ.”

ಬೆಳಿಗ್ಗೆ ಅಂಗಳದಲ್ಲಿ ಅವಳು ಮಂಡಿಯೂರಿ ಕೂತಳು. ನಾನು ಪೆಡಲ್ಲು ಒತ್ತಿ ಹಿಡಿದೆ. ಗೆರೆಗೂ ಬಾಣಕ್ಕೂ ನಡುವೆ ಎಷ್ಟು ಜಾಗವಿದೆ ಎಂದು ನೋಡಿ, ತಲೆಯಾಡಿಸಿ, ಹೆಲ್ಮೆಟ್ಟು ಹಾಕಿಕೊಂಡಳು. ಗುಡವಿಯ ಕೆರೆಯೊಳಗಿನ ಮರಗಳು ದೂರದಿಂದ ಅರಳಿದ ಹತ್ತಿಯ ಗಿಡಗಳಂತೆ ಕಂಡವು. ಹತ್ತಿರ ಹೋದರೆ ಕಪ್ಪು ತಲೆಯ ಬಿಳಿ ಐಬಿಸ್‌ಗಳು, ಬೆಳ್ಳಕ್ಕಿಗಳು, ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆಗಳು. ಮಳೆಗಾಲದಲ್ಲಿ ಬಂದು ಗೂಡು ಕಟ್ಟಿದ ಹಕ್ಕಿಗಳ ಮರಿಗಳು ಆಗಲೇ ದೊಡ್ಡವಾಗಿದ್ದವು. ಮರಿಯೊಂದು ಕೊಂಬೆಯಿಂದ ಕೊಂಬೆಗೆ ಹಾರಲು ಹೋಗಿ, ನಿಲ್ಲಲಾಗದೆ, ಎಲೆಗಳ ನಡುವೆ ಧೊಪ್ಪನೆ ಬಿತ್ತು. “ಅಜ್ಜ, ಅದಕ್ಕೂ ಬ್ರೇಕಿಲ್ಲ!” ಎಂದು ಅವಳು ನಕ್ಕಾಗ, ಹಿಂದಿನ ದಿನದಿಂದ ನನ್ನ ಎದೆಯಲ್ಲಿ ಕೂತಿದ್ದ ಕಲ್ಲು ಸ್ವಲ್ಪ ಸರಿಯಿತು.

ಈಗ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬೈಕಿನ ಮೀಟರ್ ಲೆಕ್ಕವೂ ಇದೆ. ಅವಳ ಅಕ್ಷರದಲ್ಲಿ ಮುಂದಿನ ಸರ್ವಿಸ್ಸಿನ ಕಿಲೋಮೀಟರು, ಅದರ ಕೆಳಗೆ ತಿಂಗಳು. ಎರಡರಲ್ಲಿ ಯಾವುದು ಮೊದಲೋ ಅದು. ಬೇಸಿಗೆ ರಜೆಗೆ ಚಂದ್ರಗುತ್ತಿಗೆ ಹೋಗುವುದೆಂದು ಮಾತಾಗಿದೆ. ರೇಣುಕಾಂಬೆಯ ಗುಡಿ, ಅದರ ಮೇಲಿನ ಗುಡ್ಡದ ಕೋಟೆ. ಕ್ಲಚ್ ಕೇಬಲ್ಲಿನಲ್ಲಿ ಎರಡು ಎಳೆ ಬಿಟ್ಟಿವೆ, ಅಷ್ಟರೊಳಗೆ ಬದಲಿಸಬೇಕು.